ಹರಿಯದ ಡ್ರೈನ್

ಕಾಕ್ಕನಾಡಿನ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿದ್ದ ರುದ್ರಪ್ಪನವರಿಗೆ ಅಂದು ಬೆಳಿಗ್ಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಗಿತ್ತು. ಕತ್ತಿನ ಬ್ಯಾಂಡೇಜಿನ ಪಕ್ಕದಿಂದ ಹೊರಬಂದ ಸಣ್ಣ ನಳಿಕೆಯೊಂದು ಮಂಚಕ್ಕೆ ತೂಗುಹಾಕಿದ್ದ ಬಾಟಲಿಗೆ ಸೇರುತ್ತಿತ್ತು. ಗಾಯದೊಳಗೆ ಒಸರುವ ರಕ್ತ ಅಲ್ಲೇ ನಿಲ್ಲದೆ ಹೊರಗೆ ಹರಿಯಲಿ ಎಂದು ಇಟ್ಟ ಡ್ರೈನ್ ಅದು. ಹನ್ನೆರಡು ಗಂಟೆಗೆ ಬಾಟಲಿಯಲ್ಲಿ ನಲವತ್ತು ಮಿಲಿ ಇದ್ದದ್ದು ಎರಡು ಗಂಟೆಗೂ ನಲವತ್ತೇ. ರಕ್ತ ನಿಂತಿತು, ಒಳ್ಳೆಯದಾಯಿತು ಎಂದುಕೊಂಡ ನರ್ಸ್ ಗ್ರೇಸಿ ಹಾಗೆಯೇ ಬರೆದು ಮುಂದಿನ ಮಂಚಕ್ಕೆ ಹೋಗಿದ್ದಳು.

ಮೂರಕ್ಕೆ ರುದ್ರಪ್ಪನವರ ಹೆಂಡತಿ ಸರೋಜ ಓಡಿಬಂದರು. ಧಾರವಾಡದ ಕಡೆಯವರು, ಮಲಯಾಳಿಗಳೇ ತುಂಬಿದ್ದ ಆ ವಾರ್ಡಿನಲ್ಲಿ ಅವರ ಮಾತು ತಿಳಿಯುವುದು ಮಂಗಳೂರಿನ ಗ್ರೇಸಿಗೆ ಮಾತ್ರ.

"ಸಿಸ್ಟರ್, ಕೊಳ್ಳಾಗ ಪಟ್ಟಿ ಬಿಗಿ ಆಗೇತಿ ಅನ್ನಾಕತ್ತಾರ್ರೀ. ಇನ್ನೊಬ್ಬ ನರ್ಸ್ ಹುಡುಗಿಗೆ ಹೇಳಿದ್ರ ನೋವಿನ ಗುಳಗಿ ಕೊಟ್ಟು ಹೋದ್ಲು."

ಗ್ರೇಸಿ ಬೆರಳು ತೂರಿಸಿ ನೋಡಿದಳು. ಪಟ್ಟಿಯನ್ನು ಯಾರೂ ಬಿಗಿದಿರಲಿಲ್ಲ, ಕುತ್ತಿಗೆಯೇ ಊದಿತ್ತು.

"ಸರ್, ಒಮ್ಮೆ ನಿಮ್ಮ ಹೆಸರು ಹೇಳಿ, ನೋಡುವ."

ಬಂದದ್ದು ಗೊರಗೊರ ಸದ್ದು ಮಾತ್ರ. ನಳಿಕೆಯನ್ನು ಬೆಳಕಿಗೆ ಹಿಡಿದರೆ ಗೇಣುದ್ದಕ್ಕೂ ಕಪ್ಪು ಹೆಪ್ಪು. ಬಾಟಲಿಗೆ ಬರುವುದು ನಿಂತಿತ್ತೇ ಹೊರತು ಒಳಗೆ ಸುರಿಯುವುದು ನಿಂತಿರಲಿಲ್ಲ. ಎರಡು ಗಂಟೆಗೆ ತಾನು ನೋಡಿದ್ದು ಬಾಟಲಿಯನ್ನು, ನಳಿಕೆಯನ್ನಲ್ಲ.

ಮಂಚದ ತಲೆಭಾಗ ಎತ್ತಿ, ಆಕ್ಸಿಜನ್ ಹಾಕಿ, ಡ್ಯೂಟಿ ಡಾಕ್ಟರ್ ವಿಲ್ಸನ್‌ನನ್ನು ಕೂಗಿದಳು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ, ಗ್ರೇಸಿಯನ್ನು ಅಕ್ಕ ಎಂಬರ್ಥದಲ್ಲಿ ಚೇಚಿ ಎನ್ನುತ್ತಿದ್ದ ಅವನೂ ಮೊದಲು ಬಾಟಲಿಯನ್ನೇ ನೋಡಿದ.

"ಕಡಿಮೆಯೇ ಇದೆಯಲ್ಲ ಚೇಚಿ. ಸ್ಕ್ಯಾನ್ ಮಾಡಿಸೋಣ."

"ಬಾಟಲಿ ಬಿಡಿ ಡಾಕ್ಟರ್, ಕುತ್ತಿಗೆ ನೋಡಿ. ಸ್ಕ್ಯಾನ್ ರೂಮಿಗೆ ಹೋಗುವಷ್ಟು ಹೊತ್ತು ಇವರಿಗಿಲ್ಲ."

ಆಪರೇಷನ್ ಮಾಡಿದ್ದ ಡಾಕ್ಟರ್ ಸುಮಯ್ಯಾ ಮೀಟಿಂಗಿಗೆಂದು ಹೋಗಿ ಆಗತಾನೇ ತಿರುವನಂತಪುರದಲ್ಲಿ ರೈಲಿಳಿದಿದ್ದರು. ಫೋನಿನ ಸ್ಪೀಕರ್ ಹಾಕಿ ಗ್ರೇಸಿ ಎರಡೇ ಮಾತು ಹೇಳಿದಳು.

"ವಿಲ್ಸನ್, ಹೊಲಿಗೆ ಬಿಚ್ಚು," ಎಂದರು ಅವರು. "ಈಗಲೇ. ಮಂಚದ ಮೇಲೆಯೇ."

ರುದ್ರಪ್ಪನವರ ತುಟಿ ನೀಲಿಗೆ ತಿರುಗುತ್ತಿತ್ತು. ವಿಲ್ಸನ್ ಕದಲಲಿಲ್ಲ. ಗ್ರೇಸಿ ಕತ್ತರಿಯನ್ನು ಅವನ ಅಂಗೈಗಿಟ್ಟಳು.

"ನಾನಿದ್ದೇನೆ. ಮೊದಲು ಈ ಹೊಲಿಗೆ."

ಒಂದು ಹೊಲಿಗೆ. ಇನ್ನೊಂದು. ಮೇಲಿನ ಪದರ ಬಿಟ್ಟಿತು, ಏನೂ ಆಗಲಿಲ್ಲ. ಒಳಗಿನದನ್ನು ಕತ್ತರಿಸಿದ್ದೇ ತಡ, ಮುಷ್ಟಿಯಷ್ಟು ಹೆಪ್ಪು ಹೊರಬಿತ್ತು. ರುದ್ರಪ್ಪನವರು ಮುಳುಗಿ ಎದ್ದವರ ಹಾಗೆ ಉಸಿರೆಳೆದರು. ಪರದೆಯಾಚೆ ಸರೋಜ "ಯಪ್ಪಾ" ಎಂದು ಗೋಡೆಗೊರಗಿದರು.

ಥಿಯೇಟರಿನಲ್ಲಿ ಬೇರೊಬ್ಬ ಸರ್ಜನ್ ರಕ್ತನಾಳವನ್ನು ಕಟ್ಟಿ, ಹೊಸ ಡ್ರೈನ್ ಇಟ್ಟರು. ಸಂಜೆ ಸುಮಯ್ಯಾ ಮತ್ತೆ ಫೋನ್ ಮಾಡಿದರು.

"ಸರಿಯಾದ ಹೊತ್ತಿಗೆ ಹಿಡಿದಿರಿ ಸಿಸ್ಟರ್."

"ಇಲ್ಲ ಮೇಡಂ, ಒಂದು ಗಂಟೆ ತಡವಾಗಿ. ಎರಡಕ್ಕೇ ನಳಿಕೆ ನೋಡಬೇಕಿತ್ತು."

"ಅದನ್ನೂ ಬರೆದಿಡಿ. ನಾಳೆ ಎಲ್ಲರನ್ನೂ ಕೂರಿಸಿ ಮಾತಾಡೋಣ."

ಗ್ರೇಸಿ ಬರೆದಳು. ಪೆನ್ನು ಮುಚ್ಚುವಾಗ ಸರೋಜ ಬಂದು ಪಕ್ಕದಲ್ಲಿ ನಿಂತರು.

"ಊಟಾನರ ಮಾಡೀರೇನವಾ?"

ಇಲ್ಲವೆಂದು ತಲೆಯಾಡಿಸಿದಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.