ಕಿಂಡಿಯಾಚೆಯ ಕಿಡಿ

ಗುಬ್ಬಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಇಪ್ಪತ್ತೆರಡು ತುಂಬಿದರೂ ಅದು ಅವಳನ್ನು ಬಿಟ್ಟಿರಲಿಲ್ಲ. ಅಜ್ಜಿಯ ಕತೆಗಳೂ ಹಾಗೆಯೇ. ಅದರಲ್ಲೂ ಬೆಂಕಿಯ ಮನೆಗೆ ಸೊಸೆಯಾಗಿ ಹೋದ ಹುಡುಗಿಯ ಕತೆಯನ್ನು ಅವಳು ನೂರು ಸಲ ಕೇಳಿದ್ದಳು. "ಆಮೇಲೆ ಅವಳು ವಾಪಸ್ ಬಂದ್ಲಾ ಅಜ್ಜಿ?" ಎಂದು ಕೇಳಿದರೆ ಅಜ್ಜಿ ದೀಪ ಆರಿಸಿ ಮಗ್ಗುಲಾಗಿಬಿಡುತ್ತಿದ್ದಳು.

ಅವರದು ಮೆರುಗಿನ ಮಡಕೆ, ಬೋಗುಣಿ, ಭರಣಿಗಳನ್ನು ಸುಡುವ ಕೆಲಸ. ಅಂಗಳದ ಒಂದು ಮೂಲೆಯಲ್ಲಿ ಮೆರುಗು ಅರೆಯುವ ದೊಡ್ಡ ಪೀಪಾಯಿ. ಅದರ ಹೊಟ್ಟೆ ತುಂಬ ಮುಷ್ಟಿಗಾತ್ರದ ಚಕಮಕಿ ಕಲ್ಲುಗಳು. ದಿನವಿಡೀ ಪೀಪಾಯಿ ಉರುಳುತ್ತದೆ, ಕಲ್ಲುಗಳು ಒಂದರ ಮೇಲೊಂದು ಬಿದ್ದು ಹುಡಿಯನ್ನು ನುಣ್ಣಗೆ ಅರೆಯುತ್ತವೆ. ಆ ಗಡಗಡದಲ್ಲಿ ಪಕ್ಕದವರು "ಸತ್ತೆ" ಎಂದು ಕಿರುಚಿದರೂ ಕೇಳಿಸದು.

ಅದಕ್ಕೇ ಆ ಮನೆಯಲ್ಲಿ ಒಂದು ಕಟ್ಟಳೆ. ಮಡಕೆ ಜೋಡಿಸಲು ಆವಿಗೆಯೊಳಗೆ, ಅಂದರೆ ಸುಡುವ ಗೂಡಿನೊಳಗೆ, ಹೋದವರ ಕೈಯಲ್ಲೊಂದು ಚಕಮಕಿ, ಹೊರಗಿರುವವರ ಕೈಯಲ್ಲೊಂದು. ಎರಡೂ ಒಂದೇ ಕಲ್ಲನ್ನು ಸೀಳಿದ ಹೋಳುಗಳು. ಉಜ್ಜಿ ಕಿಡಿ ಹಾರಿಸಲು ಇಬ್ಬರ ಬಳಿಯೂ ಉಕ್ಕಿನ ಅರದ ಒಂದೊಂದು ಮುರಿದ ತುಂಡು. ಆವಿಗೆಯ ಬಾಗಿಲಿಗೆ ಇಟ್ಟಿಗೆ ಕಟ್ಟುತ್ತಾ ಬಂದು, ಒಂದೇ ಇಟ್ಟಿಗೆಯಷ್ಟು ಕಿಂಡಿ ಉಳಿದಾಗ, ಹೊರಗಿನವರು ಅದರ ಮುಂದೆ ಒಂದು ಸಲ ಕಿಡಿ ಹಾರಿಸಬೇಕು. ಒಳಗೆ ಯಾರಾದರೂ ಉಳಿದಿದ್ದರೆ ಅವರೂ ಒಂದು ಕಿಡಿ ಹಾರಿಸಬೇಕು: ಇದ್ದೀನಿ. ಎರಡು ಕಿಡಿ ಎಂದರೆ, ಹೊರಗೆ ಬಾ.

"ಟಾರ್ಚ್ ಕಂಡುಹಿಡಿದವನಿಗೆ ನಮ್ಮನೆ ವಿಳಾಸ ಗೊತ್ತಿರ್ಲಿಲ್ಲ, ಪಾಪ" ಎಂದು ಚಿಕ್ಕಪ್ಪ ಪ್ರತಿಸಲವೂ ಹಾಸ್ಯ ಮಾಡುತ್ತಿದ್ದ. ಆದರೂ ಕಲ್ಲಿಲ್ಲದೆ ಒಳಗೆ ಕಾಲಿಡುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಚಿಕ್ಕಪ್ಪ ಮೈತುಂಬ ಬಿಳಿ ಹುಡಿ ಮೆತ್ತಿಕೊಂಡು ಹೊರಗೆ ಬಂದ. ತನ್ನ ಹೋಳನ್ನು ಗುಬ್ಬಿಯ ಎಡಗೈಗೆ ಹಾಕಿದ. ಅಪ್ಪ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿದ. ಎಂಬತ್ತು ದಾಟಿದ ಅಜ್ಜಿ ಎಂದಿನಂತೆ ಗೋಡೆಯ ಪಕ್ಕದ ಬೆಂಚಿನ ಮೇಲೆ, ನಟ್ಟನಡುವೆ, ಕೋಲು ಊರಿಕೊಂಡು ಕೂತಿದ್ದಳು. ಮನೆಯ ಮಂದಿ ಅಷ್ಟೇ. ಎಲ್ಲರೂ ಹೊರಗಿದ್ದರು.

ಗುಬ್ಬಿ ಕಿಂಡಿಗೆ ಮುಖವಿಟ್ಟು ತನ್ನ ಕಲ್ಲನ್ನು ಅರಕ್ಕೆ ಉಜ್ಜಿದಳು. ಚಟ್ ಎಂದು ಕಿಡಿ ಹಾರಿತು.

ಒಳಗೆ, ಭರಣಿಗಳ ಸಾಲಿನಾಚೆ, ಇನ್ನೊಂದು ಕಿಡಿ ಹಾರಿತು.

ಗುಬ್ಬಿ ಎಡಗೈಯನ್ನು ಬಿಚ್ಚಿ ನೋಡಿದಳು. ಚಿಕ್ಕಪ್ಪ ಒಳಗಿನಿಂದ ತಂದ ಹೋಳು ಅಲ್ಲೇ ಇತ್ತು. ಮತ್ತೆ ಉಜ್ಜಿದಳು. ಈ ಸಲ ಒಳಗಿನ ಕಿಡಿ ತುಸು ತಡವಾಗಿ ಬಂತು, ಕೈ ಸೋತವರು ಹೊಡೆದ ಹಾಗೆ.

ಗುಬ್ಬಿ ಓಡಿಹೋಗಿ ಪೀಪಾಯಿಯ ಸ್ವಿಚ್ ಆರಿಸಿದಳು. ಕಲ್ಲುಗಳು ಉರುಳಿ, ಹೊರಳಿ, ಸುಮ್ಮನಾದವು. ಹಾಡಹಗಲಲ್ಲಿ ಅಂಥ ಮೌನವನ್ನು ಆ ಅಂಗಳ ಕಂಡಿರಲಿಲ್ಲ.

"ಏನೇ ಅದು, ಅರ್ಧಕ್ಕೆ ನಿಲ್ಸಿದ್ದು?" ಅಪ್ಪ ಗದರಿದ.

"ಒಳಗೆ ಯಾರೋ ಇದ್ದಾರಪ್ಪ. ಕಿಡಿ ಹಾರಿಸ್ತಿದ್ದಾರೆ."

"ಹೌದೌದು, ನನ್ನ ಕಾಲೊಂದನ್ನ ಒಳಗೇ ಮರೆತು ಬಂದೆ" ಎಂದು ಚಿಕ್ಕಪ್ಪ ನಕ್ಕ. ಟಾರ್ಚ್ ತಂದು ಕಿಂಡಿಯೊಳಗೆ ಬಿಟ್ಟ. ಭರಣಿಗಳು, ಬೋಗುಣಿಗಳು, ಹಿಂದಿನ ಕರಿ ಗೋಡೆ. "ನೋಡು ತಾಯಿ, ಒಂದು ಇಲೀನೂ ಇಲ್ಲ."

"ಟಾರ್ಚ್ ಆರಿಸು. ಈಗ ನೋಡು." ಗುಬ್ಬಿ ಕಿಡಿ ಹಾರಿಸಿದಳು. ಒಳಗಿನಿಂದ ಉತ್ತರ ಬಂತು. ಚಿಕ್ಕಪ್ಪನ ನಗು ಬಾಯಲ್ಲೇ ಉಳಿಯಿತು.

ಅಪ್ಪನೂ ನೋಡಿದ್ದ. "ಮೆರುಗಿನ ಮೇಲೆ ನಿನ್ನ ಕಿಡೀನೇ ಹೊಳೀತಿದೆ, ಅಷ್ಟೇ" ಎಂದ. ಎಂದವನೇ ಮತ್ತೊಮ್ಮೆ ಕಿಂಡಿಗೆ ಕಣ್ಣಿಟ್ಟ. ಸುಡುವ ಮೊದಲು ಮೆರುಗು ಎಂದರೆ ಹಿಟ್ಟು ಬಳಿದ ಹಾಗೆ. ಬೆಂಕಿ ಕಂಡಮೇಲಷ್ಟೇ ಅದಕ್ಕೆ ಹೊಳಪು. ಇದನ್ನು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ.

"ಬಾಗಿಲು ಬಿಚ್ಚೋಣ" ಎಂದಳು ಗುಬ್ಬಿ.

"ಬಿಚ್ಚಿದ್ರೆ ಮುಂದಿನ ಸಾಲು ಉದುರುತ್ತೆ. ತಿಂಗಳ ದುಡಿಮೆ ಕಣೇ ಅದು. ಕಣ್ಣು ಏನೋ ಆಟ ಆಡ್ತಿದೆ. ಕೊನೇ ಇಟ್ಟಿಗೆ ಕೊಡು ಇಲ್ಲಿ."

"ನಾನೂ ಹಂಗೇ ಅಂದ್ಕೊಂಡೆ ಕಣೋ."

ಅಜ್ಜಿ ಎದ್ದು ನಿಂತಿದ್ದಳು. ಅವಳ ದನಿ ಸಣ್ಣದಾಗಿತ್ತು, ಚಿಕ್ಕ ಹುಡುಗಿಯ ದನಿಯ ಹಾಗೆ.

"ನನಗಾಗ ಹತ್ತು ವರ್ಷ. ನಮ್ಮಪ್ಪನ ಕಾಲ, ಇದೇ ಆವಿಗೆ. ಹೊರಗಿನ ಕಲ್ಲು ನನ್ನ ಕೈಲಿತ್ತು. ಒಳಗೆ ಅಕ್ಕ. ಹಿಂದಿನ ರಾತ್ರಿ ಜ್ವರ ಇತ್ತು ಅವಳಿಗೆ, ಒಳಗೇ ಒರಗಿ ನಿದ್ದೆ ಹೋಗಿದ್ಲೋ ಏನೋ. ಅವಳು ಆಗ್ಲೇ ಮನೆಗೆ ಹೋದ್ಲು ಅಂತ ಯಾರೋ ಅಂದ್ರು. ನಾನು ಕಿಡಿ ಹಾರಿಸ್ದೆ. ಒಳಗೂ ಹಾರ್ತು. ಮೆರುಗಿನ ಮೇಲೆ ನಂದೇ ಹೊಳೀತಿದೆ ಅಂದ್ಕೊಂಡೆ. ಹಸಿ ಮೆರುಗು ಹೊಳೆಯಲ್ಲ ಅಂತ ಗೊತ್ತಿತ್ತು ನಂಗೆ, ಗೊತ್ತಿದ್ದೂ ಹಂಗಂದ್ಕೊಂಡೆ. ಆಟಕ್ಕೆ ಹೊತ್ತಾಗ್ತಿತ್ತು. ಮುಚ್ಚಿ ಅಂದೆ."

ಬೆಂಕಿಯ ಮನೆಗೆ ಹೋದ ಸೊಸೆ ಯಾರೆಂದು ಗುಬ್ಬಿಗೆ ಆಗ ತಿಳಿಯಿತು.

"ಆವಿಗೆ ಆರಿದ ಮೇಲೆ ಬೂದಿ ಜರಡಿ ಹಿಡಿದ್ರು. ಅವಳ ಕಲ್ಲು ಮಾತ್ರ ಸಿಗ್ಲಿಲ್ಲ." ಅಜ್ಜಿ ಸೊಂಟದ ಚೀಲದಿಂದ ಒಂದು ಬೂದುಬಣ್ಣದ ಹೋಳನ್ನು ತೆಗೆದಳು. ಹಳೆಯದು, ಅಂಚೆಲ್ಲ ಸವೆದದ್ದು. "ಇದು ನನ್ನದು. ಬಾಗಿಲು ಬಿಚ್ಚೋ. ಎರಡನೇ ಸಲ ಅವಳನ್ನ ಸುಡೋದು ನನ್ನ ಕೈಲಾಗಲ್ಲ."

ಅಪ್ಪ ತಾಯಿಯ ಮುಖ ನೋಡಿದ. ಆಮೇಲೆ ಕರಣೆ ಎತ್ತಿ ಹಸಿಮಣ್ಣಿಗೆ ಚುಚ್ಚಿದ. ಇಟ್ಟಿಗೆಗಳು ಒಂದೊಂದಾಗಿ ಬಂದವು. ಮುಂದಿನ ಸಾಲಿನ ಏಳೆಂಟು ಬೋಗುಣಿಗಳು ಜಾರಿ ಬಿದ್ದು ಚೂರಾದವು. ಯಾರೂ ಬೈಯಲಿಲ್ಲ.

ಅಜ್ಜಿ ಕೋಲನ್ನು ಗುಬ್ಬಿಯ ಕೈಗೆ ಕೊಟ್ಟು, ಚಿಕ್ಕಪ್ಪನ ಅರದ ತುಂಡನ್ನು ಇಸಿದುಕೊಂಡು, ಬಾಗಿ ಒಳಗೆ ಹೋದಳು.

"ನಾನೂ ಬರ್ತೀನಿ ಅಜ್ಜಿ."

"ಬೇಡ ಕಣೇ. ನಿನ್ನ ಗುರುತು ಅವಳಿಗಿಲ್ಲ."

ಒಳಗಿನ ಕತ್ತಲಲ್ಲಿ ಎರಡು ಕಿಡಿ ಹಾರಿದವು. ಹೊರಗೆ ಬಾ. ಆಮೇಲೆ ಅಜ್ಜಿಯ ಮಾತು ಕೇಳಿಸಿತು, ಮುನಿಸಿಕೊಂಡವರನ್ನು ಪುಸಲಾಯಿಸುವ ಹಾಗೆ. "ಹೂಂ ಅಕ್ಕ. ನಾನೇ. ಮುದುಕಿಯಾಗಿದ್ದೀನಿ, ಅದಕ್ಕೇ ಗುರುತು ಸಿಗ್ಲಿಲ್ಲ ನಿಂಗೆ. ಬಾ, ತಲೆ ಬಗ್ಗಿಸ್ಕೊಂಡು ಬಾ, ಕಮಾನು ತಾಗುತ್ತೆ."

ಅಜ್ಜಿ ಹೊರಗೆ ಬಂದಳು. ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾರದವಳು ನೆಟ್ಟಗೆ ನಡೆದು ಬಂದಳು, ಎಡಗೈಯನ್ನು ಪಕ್ಕಕ್ಕೆ ಚಾಚಿ, ಯಾರದೋ ತೋಳಿಗೆ ಒರಗಿದಂತೆ. ಬಲಗೈಯನ್ನು ಗುಬ್ಬಿಯ ಮುಂದೆ ಬಿಡಿಸಿದಳು. ಬೂದು ಹೋಳಿನ ಪಕ್ಕದಲ್ಲಿ ಇನ್ನೊಂದು ಹೋಳು. ಬೆಂಕಿಯಲ್ಲಿ ಬೆಂದ ಚಕಮಕಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮೈತುಂಬ ಕೂದಲೆಳೆಯ ಬಿರುಕು ಬಿಡುತ್ತದೆ, ಮತ್ತೆ ಕಿಡಿ ಕೊಡುವುದಿಲ್ಲ. ಇದು ಹಾಗೆಯೇ ಬೆಳ್ಳಗಿತ್ತು. ಗುಬ್ಬಿ ಎರಡನ್ನೂ ಜೋಡಿಸಿ ನೋಡಿದಳು. ಅಂಚಿಗೆ ಅಂಚು ಕೂತಿತು.

"ಈ ಜಾಗಾನ ನಾನೇ ಮೂರು ಸಲ ಗುಡಿಸಿದ್ದೆ" ಎಂದು ಚಿಕ್ಕಪ್ಪ ತನ್ನಷ್ಟಕ್ಕೆ ಗೊಣಗಿದ.

ಅಪ್ಪ ಬಾಗಿಲನ್ನು ಮತ್ತೆ ಕಟ್ಟಿದ. ಕಿಂಡಿ ಉಳಿಯಿತು. ಗುಬ್ಬಿ ಕಿಡಿ ಹಾರಿಸಿದಳು. ಕತ್ತಲು. ಇನ್ನೊಮ್ಮೆ. ಬರೀ ಕತ್ತಲು.

"ಮುಚ್ಚು" ಎಂದಳು.

ಕೊನೆಯ ಇಟ್ಟಿಗೆ ಕೂತಿತು. ಚಿಕ್ಕಪ್ಪ ಒಲೆಗೆ ಬೆಂಕಿ ಕೊಟ್ಟ. ಗುಬ್ಬಿ ಪೀಪಾಯಿಯ ಸ್ವಿಚ್ ಒತ್ತಿ, ಕೋಲು ಕೊಡಲೆಂದು ತಿರುಗಿದಳು.

ಅಜ್ಜಿ ಬೆಂಚಿಗೆ ಬಂದಿದ್ದಳು. ಯಾವಾಗಲೂ ನಡುವೆ ಕೂರುವವಳು ಈಗ ತೀರಾ ಅಂಚಿಗೆ ಸರಿದು, ಅರ್ಧ ಮೈ ಹೊರಗಿಟ್ಟು ಕೂತಿದ್ದಳು. ಗುಬ್ಬಿ ಪಕ್ಕದಲ್ಲಿ ಕೂರಲು ಹೋದಳು. ಅಜ್ಜಿ ಕೈ ಅಡ್ಡ ಇಟ್ಟು ತಡೆದಳು. ಕಲ್ಲುಗಳ ಗಡಗಡದಲ್ಲಿ ಮಾತು ಕೇಳಿಸಲಿಲ್ಲ, ತುಟಿ ಆಡಿದ್ದು ಮಾತ್ರ ಕಂಡಿತು.

ಗುಬ್ಬಿ ನೆಲದ ಮೇಲೆ ಕೂತಳು. ಬೆನ್ನಿಗೆ ಬೆಂಚಿನ ಕಡೆಯಿಂದ, ಆಗಷ್ಟೇ ಆವಿಗೆಯಿಂದ ತೆಗೆದ ಮಡಕೆಯ ಹಾಗೆ, ಬಿಸಿ ತಾಗುತ್ತಿತ್ತು.