ಮೂರನೇ ಸಾಲಿನ ಫೋನು

ನಾಟಕದಲ್ಲಿ ಹೆಣವಾಗಿ ಬೀಳುವುದರಲ್ಲಿ ಆ ನಟಿಯನ್ನು ಮೀರಿಸುವವರಿರಲಿಲ್ಲ. ಮಗನ ಪಾತ್ರದವನು ಮೈಮೇಲೆ ಬಿದ್ದು ಗೋಳಾಡುವಾಗಷ್ಟೇ, ಅವನ ಮರೆಯಲ್ಲಿ, ಉಸಿರೆಳೆದುಕೊಳ್ಳುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ರೆಪ್ಪೆ ಅಲುಗಿಸಿರಲಿಲ್ಲ.

ಅವತ್ತು ಅವಳು ಸತ್ತು ಬಿದ್ದ ಗಳಿಗೆಗೇ ಮೂರನೇ ಸಾಲಿನಲ್ಲಿ ಫೋನು ಹೊಡೆದುಕೊಂಡಿತು. ಆಫ್ ಮಾಡಿ ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದರೂ ಕೇಳದ ಕತ್ತೆ ಯಾವುದಿದು ಎಂದು ಅವಳ ಮೈ ಉರಿಯಿತು. ಮರುಕ್ಷಣವೇ ತಣ್ಣಗಾಯಿತು. ಫೋನಿನಲ್ಲಿ ಹಾಡುತ್ತಿದ್ದದ್ದು ಅವಳದೇ ದನಿ. ಮದುವೆಯಾದ ಹೊಸತರಲ್ಲಿ ಅವಳು ಗುನುಗಿದ್ದನ್ನು ಗಂಡ ರೆಕಾರ್ಡ್ ಮಾಡಿಕೊಂಡು, "ನೀನು ಫೋನ್ ಮಾಡಿದ್ರೆ ಮಾತ್ರ ಇದು ಹಾಡತ್ತೆ" ಎಂದಿದ್ದ. ಅವಳ ಫೋನೋ, ಬಣ್ಣದ ಕೋಣೆಯಲ್ಲಿ ಆಫ್ ಆಗಿ ಬಿದ್ದಿತ್ತು.

"ನಾಟಕದಲ್ಲಿದೀನಿ ಚಿನ್ನಾ," ಗಂಡನ ಪಿಸುಮಾತು ವೇದಿಕೆಯವರೆಗೂ ಬಂತು. "ಅವಳು ಈಗಷ್ಟೇ ಸತ್ಲು. ಇನ್ನು ನಾನಿದ್ರೂ ಅವಳಿಗೆ ಗೊತ್ತಾಗಲ್ಲ, ಇಲ್ದಿದ್ರೂ ಗೊತ್ತಾಗಲ್ಲ. ಹೊರಟೆ, ಬಾಗಿಲು ತೆಗ್ದಿಟ್ಟಿರು."

ಕುರ್ಚಿ ಕಿರ್ರೆಂದಿತು. ಮಗ ಇನ್ನೂ ಗೋಳಾಡುತ್ತಲೇ ಇದ್ದ. ಅವನನ್ನು ಪಕ್ಕಕ್ಕೆ ತಳ್ಳಿ ಹೆಣ ಎದ್ದು ಕೂತಿತು.

"ರೀ, ನಾನಿನ್ನೂ ಸತ್ತಿಲ್ಲ. ಕೂತ್ಕೊಳ್ಳಿ."