ಸನ್ಮಾನದ ಕುಂಡ

ಎಕ್ಸ್-ರೇ ತೆಗೆಯುವ ಆಕೆಯ ಕೈಮೇಲಿನ ಗೀರುಗಳನ್ನು ನೋಡಿ ರೋಗಿಗಳು, "ಬೆಕ್ಕು ಸಾಕಿದ್ದೀರಾ?" ಎಂದು ಕೇಳುತ್ತಿದ್ದರು. ಬೆಕ್ಕಲ್ಲ, ಲಂಟಾನ. ಮೂರು ವರ್ಷದಿಂದ ಪ್ರತಿ ಭಾನುವಾರ ಆಸ್ಪತ್ರೆಯ ಹಿಂದಿನ ಗುಡ್ಡದಲ್ಲಿ ಇಪ್ಪತ್ತೆರಡು ಜನರ ಜೊತೆ ಆಕೆ ಆ ಮುಳ್ಳುಪೊದೆಯನ್ನು ಬೇರುಸಮೇತ ಕೀಳುತ್ತಿದ್ದಳು. ಎಂದೋ ಯಾರೋ ಅಂದಕ್ಕೆಂದು ಹೊರಗಿನಿಂದ ತಂದು ನೆಟ್ಟ ಗಿಡ ಗುಡ್ಡವನ್ನೇ ನುಂಗಿತ್ತು. ಕಿತ್ತ ಕಡೆ ಆ ನೆಲದ್ದೇ ಹುಲ್ಲಿನ ಬೀಜ ಚೆಲ್ಲಿ ಕಾದರು. ಹೋದ ವರ್ಷ ಹುಲ್ಲಿನ ನಡುವೆ ಹಕ್ಕಿಯೊಂದು ಮೊಟ್ಟೆಯಿಟ್ಟಾಗ, ಮೊಮ್ಮಗು ಹುಟ್ಟಿದಷ್ಟು ಸಂಭ್ರಮದಿಂದ ಆಕೆ ವಾರ್ಡಿಗೆಲ್ಲ ಸಾರಿಬಂದಿದ್ದಳು.

ಈಗ ಉದ್ಯಾನ ಇಲಾಖೆ ಇವರಿಗೆ ಸನ್ಮಾನ ಇಟ್ಟುಕೊಂಡಿತು. ಏರ್ಪಾಡೆಲ್ಲ ಆಕೆಯ ಭಾವನದು. ಅಕ್ಕನ ಗಂಡ ಅಲ್ಲಿ ಮೇಲ್ವಿಚಾರಕ. ಭಾಷಣಗಳು ಮುಗಿದ ಮೇಲೆ ಒಬ್ಬೊಬ್ಬರ ಕೈಗೂ ಬಣ್ಣದ ಕಾಗದ ಸುತ್ತಿದ ಕುಂಡ ಬಂತು. ಆಕೆ ಎಲೆಯೊಂದನ್ನು ಉಜ್ಜಿ ಮೂಸಿದಳು. ಅದೇ ಘಾಟು.

"ಭಾವ, ಇದು ಲಂಟಾನ!"

"ಅಯ್ಯೋ, ಇದು ನರ್ಸರಿದಮ್ಮ. ಅದು ಕಾಡು ಜಾತಿ, ಇದು ಮನೆ ಜಾತಿ. ಹೂವು ನೋಡು, ಎಷ್ಟು ಲಕ್ಷಣವಾಗಿದೆ!"

"ಕಳ್ಳನಿಗೆ ಇಸ್ತ್ರಿ ಬಟ್ಟೆ ಹಾಕಿದ್ರೆ ಅಳಿಯ ಆಗ್ತಾನಾ?"

"ಮೆಲ್ಲಗೆ ಮಾತಾಡು. ಊರಿನ ಹನ್ನೊಂದು ಸರ್ಕಲ್ಲಿಗೂ ಇದನ್ನೇ ನೆಡಿಸಿದೀವಿ. ನನ್ನ ಮರ್ಯಾದೆ ತೆಗೀಬೇಡ."

ಆಕೆಯ ಮೈ ಉರಿದುಹೋಯಿತು. ಅಲ್ಲಿ ತಾವು ಸೊಂಟ ಮುರಿದುಕೊಂಡು ಕಿತ್ತ ಗಿಡಕ್ಕೇ ಇವರು ಇಲ್ಲಿ ನೀರೆರೆಯುತ್ತಿದ್ದರು! ಇದರ ಹಣ್ಣು ತಿಂದ ಹಕ್ಕಿ ಬೀಜವನ್ನು ಮತ್ತೆ ಗುಡ್ಡಕ್ಕೇ ಹೊರುವುದಿಲ್ಲವೇ? ಆಕೆ ಸಾಲುಸಾಲಿಗೂ ಹೋಗಿ ಕುಂಡಗಳನ್ನು ಇಸಿದುಕೊಂಡಳು. "ಪಾಪ, ಹೂ ಬಿಟ್ಟಿದೆ" ಎಂದು ನಿವೃತ್ತ ಮೇಷ್ಟ್ರು ಮಾತ್ರ ಕೊಂಚ ಅನುಮಾನಿಸಿದರು. ಇಪ್ಪತ್ತಮೂರನ್ನೂ ವೇದಿಕೆಯಲ್ಲಿದ್ದ ಇಲಾಖೆಯ ಅಧಿಕಾರಿಯ ಮೇಜಿನ ಮೇಲೆ ಕುಕ್ಕಿ, "ನಿಮ್ಮ ಸನ್ಮಾನ ನಿಮ್ಮಲ್ಲೇ ಇರಲಿ" ಎಂದಳು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡ ಅಧಿಕಾರಿ ಕ್ಯಾಮರಾಕ್ಕೆ ಹಲ್ಲು ಕಿರಿದ. ಮರುದಿನ ಪತ್ರಿಕೆಯಲ್ಲಿ ಅದೇ ಚಿತ್ರ: 'ಇಲಾಖೆಗೆ ಸ್ವಯಂಸೇವಕರಿಂದ ಗಿಡಗಳ ಕೊಡುಗೆ'.

ಆಕೆ ಪತ್ರಿಕೆಗೆ ಖಾರವಾಗಿ ಬರೆದಳು. ಅದು ಅಚ್ಚಾದ ವಾರದೊಳಗೆ, ಇಲಾಖೆಗೇ ಸೇರಿದ್ದ ಆ ಗುಡ್ಡದಲ್ಲಿ ಕೆಲಸ ಮಾಡುವ ಅನುಮತಿ ರದ್ದಾಗಿ, ಗೇಟಿಗೆ ಬೀಗ ಬಿತ್ತು. ಅಕ್ಕ ಫೋನಿನಲ್ಲಿ ಅತ್ತಳು. ಭಾವ ಫೋನು ಕಸಿದುಕೊಂಡು, "ಒಂದು ಕ್ಷಮಾಪಣೆ ಪತ್ರ ಗೀಚಿಕೊಡು. ಬೀಗ ತೆಗೆಸೋ ಜವಾಬ್ದಾರಿ ನಂದು" ಎಂದ.

"ಬರೀತೀನಿ ಭಾವ. ಮೊದಲು ನೀವು ಆ ಹುಲ್ಲಿಗೆ ಒಂದು ಬರೀರಿ."

ಆ ಭಾನುವಾರ ಇಪ್ಪತ್ತಮೂರೂ ಜನ ಗುದ್ದಲಿ ಹಿಡಿದು ಬೇಲಿ ದಾಟಿದರು. ಮೇಷ್ಟ್ರನ್ನು ಇಬ್ಬರು ಎತ್ತಿ ಆಚೆಗಿಳಿಸಿದರು. ಕಾವಲುಗಾರ ಓಡಿಬಂದು, ಮೇಲಿನವರಿಗೆ ಕಳಿಸಬೇಕೆಂದು ಎಲ್ಲರ ಹೆಸರು ಬರೆದುಕೊಂಡ. ಆಕೆ ಪಟ್ಟಿ ಇಸಿದುಕೊಂಡು, ತನ್ನ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರ ಸೇರಿಸಿ, ಹಿಂದಕ್ಕೆ ಕೊಟ್ಟು ಕೆಲಸಕ್ಕಿಳಿದಳು.